ಸಿಡಿಮಿಡಿ ಮೇಡಂ ಮತ್ತು ಓವನ್ ಮುಂದಿನ ಹಲಗೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಸಿಡಿಮಿಡಿ ಮೇಡಂ ದೇವತೆ ಅಲ್ಲ. ಅವರನ್ನು ದೇವತೆ ಎಂದವರನ್ನು ಅವರು ಮೇಲಿಂದ ಕೆಳಗೆ ನೋಡುವ ಒಂದು ನೋಟ ಇದೆಯಲ್ಲ, ಅದನ್ನು ಒಮ್ಮೆ ತಿಂದವರು ಜನ್ಮದಲ್ಲಿ ಯಾರನ್ನೂ ದೇವತೆ ಎನ್ನುವುದಿಲ್ಲ. ಒಂದು ಸಲ ಪತ್ರಿಕೆಯವರೊಬ್ಬರು ಬಂದು, "ಮೇಡಂ, ಕಣ್ಣು ಕಾಣದ, ಕಿವಿ ಕೇಳದ ಇಂಥವರಿಗೆಲ್ಲ ಕಲಿಸೋಕೆ ಎಷ್ಟು ದೊಡ್ಡ ಮನಸ್ಸು ಬೇಕು ಅಲ್ವಾ?" ಎಂದು ಕೇಳಿದರು. ಮೇಡಂ ಬೆರಳ ಸಂದಿಗೆ ಅಂಟಿದ್ದ ಹಿಟ್ಟು ಉಜ್ಜುತ್ತಾ, "ಮನಸ್ಸಲ್ಲ ಸ್ವಾಮಿ, ಸೋಮಾರಿತನ ಬೇಕು," ಎಂದರು. "ಒಂದೇ ಪಾಠಾನ ಒಬ್ಬೊಬ್ಬರಿಗೂ ಬೇರೆ ಬೇರೆ ಒದರ್ತಾ ಕೂರೋಕೆ ನನಗೇನು ಬೇರೆ ಕಸುಬಿಲ್ವಾ? ಒಂದು ಸಲ ಹೇಳಿದ್ರೆ ಎಲ್ಲರಿಗೂ ಮುಟ್ಟಬೇಕು. ಮುಟ್ಟಲಿಲ್ಲ ಅಂದ್ರೆ ಹೇಳಿದ್ದೇ ಸರಿ ಇಲ್ಲ. ಅಷ್ಟೇ ವಿಷಯ."

ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು 'ಕರುಣಾಮಯಿ' ಅಂತ. ಮೇಡಂ ಆ ಹಾಳೆಯನ್ನು ಬಿಸಿ ಬನ್ನಿನ ತಟ್ಟೆಯ ಕೆಳಗೆ ಹಾಸಿದರು. ಎಣ್ಣೆ ಹೀರುವುದಕ್ಕೆ ಕರುಣೆ ಒಳ್ಳೆಯದಂತೆ.

ಅವರು ಕಲಿಸುವುದು ಬೇಕರಿ ಕೆಲಸ. ನಮ್ಮದು ಕಸುಬು ಹೇಳಿಕೊಡುವ ಸಂಸ್ಥೆ. ಮುಂದೆ ಆಫೀಸು, ಆಮೇಲೆ ಹೊಲಿಗೆ, ಆಮೇಲೆ ವೈರಿಂಗು, ಎಲ್ಲಾ ಮುಗಿದ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಯಾರೂ ಬೇಡವೆಂದು ಬಿಟ್ಟ ಉದ್ದನೆಯ ಕೋಣೆಯಲ್ಲಿ ಬೇಕರಿ. ಆ ಕೋಣೆಗೆ ಒಮ್ಮೆ ಬಂದವರು ಮತ್ತೆ ಬೇರೆ ಯಾವ ಕ್ಲಾಸನ್ನೂ ಕ್ಲಾಸು ಎನ್ನಲಾರರು. ಇದು ನಾನು ಅಭಿಮಾನಕ್ಕೆ ಹೇಳುತ್ತಿರುವ ಮಾತಲ್ಲ. ಸರಿ, ಸ್ವಲ್ಪ ಅಭಿಮಾನಕ್ಕೂ ಹೌದು.

ಮೇಡಂಗೆ ಎಡಗಿವಿ ಹುಟ್ಟಿನಿಂದಲೇ ಕೇಳುವುದಿಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಏಕೆಂದರೆ ಅವರು ಯಾವಾಗಲೂ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ನಿಲ್ಲುತ್ತಾರೆ. ಗೋಡೆ ಏನೂ ಮಾತಾಡುವುದಿಲ್ಲವಲ್ಲ. ಅವರು ಕೆಲಸ ಕಲಿತದ್ದು ಸೋದರಮಾವನ ಬೇಕರಿಯಲ್ಲಿ. ಆ ಮಾವ ಓವನ್ ಕಡೆ ಮುಖ, ಇವರ ಕಡೆ ಬೆನ್ನು ಮಾಡಿ ನಿಂತು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಇವರ ಎಡಗಡೆಯಿಂದ ಗೊಣಗುತ್ತಿದ್ದ. ಗೊಣಗಿದ್ದು ಸೊಸೆಗೆ ಕೇಳುತ್ತಿರಲಿಲ್ಲ. ಕೇಳದಿದ್ದಕ್ಕೆ ಬೈಗುಳ. "ಮರದ ಬೊಂಬೆ, ನಿನಗೆ ಹೇಳೋದೂ ಒಂದೇ, ಹಿಟ್ಟಿನ ಚೀಲಕ್ಕೆ ಹೇಳೋದೂ ಒಂದೇ. ಚೀಲ ಆದ್ರೂ ಹಿಟ್ಟು ಕೊಡುತ್ತೆ." ಬೈಗುಳ ಮಾತ್ರ ಅವನು ತಿರುಗಿ ನಿಂತು, ಮುಖ ನೋಡಿ, ಗಟ್ಟಿಯಾಗಿ ಹೇಳುತ್ತಿದ್ದ. ಹಾಗಾಗಿ ಪಾಠ ಒಂದೂ ಕೇಳಿಸಲಿಲ್ಲ, ಬೈಗುಳ ಒಂದೂ ತಪ್ಪಲಿಲ್ಲ. ಪಾಠವನ್ನು ಅವರು ಮಾವನ ಮೊಣಕೈ ನೋಡಿ ಕಲಿತರು. ಬೈಗುಳ ಯಾರೂ ಕಲಿಸದೆ ತಾನಾಗಿ ಬಂತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕೋಣೆ ನೋಡಿ. ಉಪ್ಪು ದುಂಡು ಡಬ್ಬದಲ್ಲಿ, ಸಕ್ಕರೆ ಚೌಕ ಡಬ್ಬದಲ್ಲಿ, ಈಸ್ಟಿನ ಡಬ್ಬದ ಕತ್ತಿಗೆ ಹಗ್ಗದ ಗಂಟು. ಓದಲು ಬರುವವನಿಗೂ ಬರದವನಿಗೂ, ಕಣ್ಣು ಕಾಣುವವಳಿಗೂ ಕಾಣದವಳಿಗೂ ಅದೇ ಡಬ್ಬ. ಹಿಟ್ಟು ಎಷ್ಟು ನಾದಬೇಕು? ಗಡಿಯಾರ ನೋಡಬೇಡಿ ಎನ್ನುತ್ತಾರೆ ಮೇಡಂ. "ನಿಮ್ಮ ಕಿವಿ ಹಾಲೆ ಹಿಡ್ಕೊಳ್ಳಿ. ಅಷ್ಟು ಮೆತ್ತಗಾದ್ರೆ ಸಾಕು. ಕಿವಿ ಕೇಳ್ದೆ ಇರಬಹುದು, ಹಾಲೆ ಎಲ್ಲರಿಗೂ ಇರುತ್ತೆ." ಬ್ರೆಡ್ಡು ಬೆಂದಿದೆಯೋ ಇಲ್ಲವೋ? ತಲೆಕೆಳಗು ಮಾಡಿ ತಳಕ್ಕೆ ಬೆರಳಿನಿಂದ ಕುಟ್ಟಿ. ಟೊಳ್ಳು ಸದ್ದು ಬಂದರೆ ಬೆಂದಿದೆ. ಸದ್ದು ಕೇಳದವರು ಇನ್ನೊಂದು ಕೈಯನ್ನು ಬ್ರೆಡ್ಡಿನ ಬೆನ್ನಿಗೆ ಆನಿಸಿಕೊಳ್ಳಿ, ನಡುಕ ಕೈಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಲಗೆ. ಓವನ್ ಬಾಯಿಂದ ಬ್ರೆಡ್ಡು ಆರಿಸುವ ಕಟ್ಟೆಯವರೆಗೆ ನೆಲದ ಮೇಲೆ ಉದ್ದಕ್ಕೆ ಒಂದು ಮರದ ಹಲಗೆ ಹಾಸಿದೆ. ಪ್ರತಿ ಮೇಜಿನ ಒಂದು ಕಾಲು ಅದರ ಮೇಲೆ ಕೂತಿದೆ. ಬಿಸಿ ತಟ್ಟೆ ಹಿಡಿದು ಹೊರಟವರು ಹಲಗೆಯನ್ನು ಎರಡು ಸಲ ತುಳಿದು "ಬಿಸಿ!" ಎಂದು ಕೂಗಬೇಕು. ಕಿವಿ ಇದ್ದವರಿಗೆ ಕೂಗು, ಇಲ್ಲದವರಿಗೆ ಮೇಜು ನಡುಗಿ ಅಂಗೈಗೆ ಸುದ್ದಿ. ಆಗ ಎಲ್ಲರೂ ಗೋಡೆಗೆ ಅಂಟಬೇಕು. ನಮ್ಮಲ್ಲಿ ಇವತ್ತಿನವರೆಗೆ ಒಬ್ಬರಿಗೂ ಸುಟ್ಟಿಲ್ಲ. ಹೊಲಿಗೆ ವಿಭಾಗದಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಎಷ್ಟು ಜನ ಸುಟ್ಟುಕೊಂಡಿದ್ದಾರೆ ಕೇಳಿ ನೋಡಿ.

ಈ ಕೋಣೆಯಲ್ಲಿ ಇರುವವರಲ್ಲಿ ಮೂವರನ್ನು ನೀವು ತಿಳಿದುಕೊಂಡರೆ ಸಾಕು. ಒಬ್ಬಳು ರೇಡಿಯೋ. ಕಣ್ಣು ಕಾಣುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಅದಕ್ಕೇ ಆ ಹೆಸರು. ಇನ್ನೊಬ್ಬ ಪೈಲ್ವಾನ್. ಎರಡೂ ಕಿವಿ ಕೇಳದ ಹುಡುಗ, ಒಂದು ಮೂಟೆ ಹಿಟ್ಟನ್ನು ಒಬ್ಬನೇ ನಾದಿ ಇನ್ನೊಂದಿದೆಯಾ ಎಂಬಂತೆ ನೋಡುವವನು. ಮೂರನೆಯವರು ಡ್ರೈವರಣ್ಣ. ಬಸ್ಸು ಓಡಿಸಿ ನಿವೃತ್ತರಾದವರು. ಮನೆಯ ಮುಂದೆ ಹೆಂಡತಿ ಚಿಕ್ಕ ಬೇಕರಿ ಇಟ್ಟಿದ್ದರು, ಅವರ ಮಣಿಕಟ್ಟು ಹೋಯಿತು, ಇವರು ಕಲಿಯಲು ಬಂದರು. ಕಣ್ಣು ಸರಿ, ಕಿವಿ ಸರಿ, ಕೈಕಾಲು ಸರಿ. ಆದ್ದರಿಂದ ಅವರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಳ್ಳಬೇಕಾಗಿದ್ದದ್ದು ರೇಡಿಯೋ ಬಗ್ಗೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳಿಗೆ ಒಂದು ಕೆಲಸ ಕಾದಿತ್ತು. ಬಸ್ ನಿಲ್ದಾಣದ ಎದುರಿನ ಬನ್ನಿನ ಅಂಗಡಿಯಾಕೆ ಕಡ್ಡಿ ಮುರಿದಂತೆ ಹೇಳಿದ್ದಳು: "ಪ್ಯಾಕಿಂಗಿಗೆ ಜನ ಬೇಕಾದಷ್ಟಿದ್ದಾರೆ ಕಣಮ್ಮ. ಓವನ್ ಕೆಲಸ ಕಲಿತು ಬಾ, ಅವತ್ತೇ ಸೇರಿಸ್ಕೋತೀನಿ." ಹಾಗಾಗಿ ರೇಡಿಯೋಗೆ ಬೇಕಾದದ್ದು ಒಂದೇ, ಓವನ್. ದಿನವೂ ಅವಳ ಅಭ್ಯಾಸ ನಡೆದಿತ್ತು, ಮೊಣಕೈವರೆಗೆ ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು, ತಣ್ಣಗಿದ್ದ ಓವನ್ನಿಗೆ ಖಾಲಿ ತಟ್ಟೆ ಇಡುವುದು, ತೆಗೆಯುವುದು, ಇಡುವುದು, ತೆಗೆಯುವುದು. ಬಿಸಿ ಓವನ್ನಿನ ಸರದಿ ಇನ್ನೇನು ಬರಬೇಕಿತ್ತು.

ಬಂದದ್ದು ರಿಬ್ಬನ್ ಸಾಹೇಬರು.

ಸಾಹೇಬರು ನಮ್ಮ ಸಂಸ್ಥೆಯ ಮುಖ್ಯಸ್ಥರು. ಜೇಬಿನಲ್ಲಿ ಪೆನ್ನಿನ ಬದಲು ಕತ್ತರಿ ಇರುತ್ತದೆ ಎಂದು ಹೊಲಿಗೆಯವರು ನಗುತ್ತಾರೆ. ಏನು ಸಿಕ್ಕರೂ ಉದ್ಘಾಟನೆ. ಹೋದ ವರ್ಷ ಗಾಲಿಕುರ್ಚಿಯವರಿಗೆಂದು ಬಾಗಿಲ ಮುಂದೆ ಇಳಿಜಾರು ಕಟ್ಟಿಸಿ ಉದ್ಘಾಟಿಸಿದರು. ಆಮೇಲೆ ಅದರ ತುದಿಯಲ್ಲಿ ಎರಡು ಹೂಕುಂಡ ಇಡಿಸಿದರು, ಚೆಂದ ಕಾಣಲಿ ಎಂದು. ಈಗ ಆ ಇಳಿಜಾರಿನಲ್ಲಿ ಹತ್ತುವುದು ಸಾಹೇಬರ ಸ್ಕೂಟರ್ ಒಂದೇ, ಅದೂ ಅರ್ಧಕ್ಕೆ. 'ಎಲ್ಲರಿಗೂ ಕಲಿಕೆ' ಎಂಬ ದೊಡ್ಡ ಭಾಷಣ ಇಟ್ಟರು, ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ. ಪೈಲ್ವಾನನನ್ನು ಮೊದಲ ಸಾಲಿನಲ್ಲಿ ಕೂರಿಸಿ, ಕೈಗೆ ಹೂಗುಚ್ಛ ಕೊಟ್ಟು, ಸಂಜೆಯವರೆಗೆ ಮೈಕಿನಲ್ಲಿ ಅವನ ಬಗ್ಗೆಯೇ ಮಾತಾಡಿದರು. ಅವನಿಗೆ ಸನ್ನೆಯಲ್ಲಿ ಹೇಳುವವರು ಒಬ್ಬರೂ ಇರಲಿಲ್ಲ. ಪಾಪ, ಅವನು ಹೂಗುಚ್ಛದ ಎಲೆ ಎಣಿಸುತ್ತಾ ಕೂತಿದ್ದ.

ಇಂಥ ಸಾಹೇಬರು ಈ ಸಲ ಆಫೀಸಿನ ಪಕ್ಕದ ಕೋಣೆಗೆ ಸುಣ್ಣ ಬಣ್ಣ ಹೊಡೆಸಿ 'ಸರ್ವಕಲಿಕಾ ಕೊಠಡಿ' ಎಂದು ಹೆಸರಿಟ್ಟರು. ಮೆತ್ತನೆಯ ಕುರ್ಚಿ, ಗೋಡೆ ತುಂಬ ನಗುವ ಮಕ್ಕಳ ಚಿತ್ರ, ದೊಡ್ಡ ಟೀವಿ. ಬಾಗಿಲ ಪಕ್ಕ ಹಿತ್ತಾಳೆ ಕಟ್ಟಿನ ಬ್ರೈಲ್ ಫಲಕ. ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ರೇಡಿಯೋಳ ಕೈಯನ್ನು ತಾವೇ ಹಿಡಿದು ಫಲಕದ ಮೇಲೆ ಇಟ್ಟರು.

"ಓದಮ್ಮ, ಓದು."

ರೇಡಿಯೋ ಸವರಿದಳು. ಮೇಲೆ ಸವರಿದಳು, ಕೆಳಗೆ ಸವರಿದಳು. "ಸಾರ್, ನುಣ್ಣಗಿದೆ. ಕಿಟಕಿ ತರ ಇದೆ."

"ಗಾಜು ಹಾಕಿಸಿದೀವಮ್ಮ. ಧೂಳು ಕೂರಬಾರದು ನೋಡು. ಚುಕ್ಕಿ ಎಲ್ಲಾ ಒಳಗಿದೆ."

"ಓ, ಒಳಗಿದೆಯಾ? ಹಾಗಾದ್ರೆ ನೀವೇ ಓದಿ ಹೇಳಿ ಸಾರ್."

"ನನಗೆ ಬ್ರೈಲ್ ಬರಲ್ಲಮ್ಮ."

"ಬಿಡಿ ಸಾರ್," ಎಂದಳು ರೇಡಿಯೋ ಸಮಾಧಾನ ಮಾಡುವವಳಂತೆ, "ಅದರ ಪಾಡಿಗೆ ಅದು ಇರಲಿ. ಧೂಳಂತೂ ಕೂರಲ್ಲ."

ನಾವು ನಗು ತಡೆಯಲು ಪಟ್ಟ ಪಾಡು ದೇವರಿಗೇ ಗೊತ್ತು. ಮೇಡಂ ಮಾತ್ರ ನಗಲಿಲ್ಲ. ಕೋಣೆಯ ನಾಲ್ಕು ಮೂಲೆ ನೋಡಿ ಕೇಳಿದರು, "ಓವನ್ ಎಲ್ಲಿ?"

"ಓವನ್ ಇಲ್ಲ ಮೇಡಂ. ಸುರಕ್ಷತೆ! ಇಲ್ಲಿ ಪ್ಯಾಕಿಂಗ್ ಹೇಳ್ಕೊಡ್ತೀವಿ. ಟೀವಿಲಿ ಬ್ರೆಡ್ಡಿನ ಇತಿಹಾಸ ತೋರಿಸ್ತೀವಿ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದರು ಮೇಡಂ. ಬೇಕರಿಯವರ ಬಾಯಲ್ಲಿ ಆ ಗಾದೆ ಕೇಳಲು ಬಲು ಸೊಗಸು.

ಸಾಹೇಬರಿಗೆ ಸಿಟ್ಟು ಬಂತು. ಆದರೆ ಅವರು ಸಿಟ್ಟನ್ನೂ ಉದ್ಘಾಟನೆಯ ದನಿಯಲ್ಲೇ ತೋರಿಸುವವರು. "ನೋಡಿ, ನಾನು ಯಾರನ್ನೂ ಬಲವಂತ ಮಾಡಲ್ಲ. ಕಲಿಯೋರೇ ಹೇಳಲಿ. ಈ ಕೊಠಡಿ ಬೇಕು ಅಂತ ಒಬ್ಬರಾದರೂ ಕೈ ಎತ್ತಿದ್ರೆ ಬೇಡಿಕೆ ಇದೆ ಅಂತ ಅರ್ಥ. ಆಗ ವಿಭಾಗ ಶುರು. ಶುರು ಆದ ಮೇಲೆ ಈ ಹುಡುಗಿ, ಆ ಹುಡುಗ, ಇಂಥವರೆಲ್ಲ ಇಲ್ಲಿಗೇ ಬರಬೇಕು. ಒಬ್ಬರಿಗೋಸ್ಕರ ವಿಭಾಗ ನಡೆಸೋಕಾಗಲ್ಲ. ಯಾರೂ ಎತ್ತಲಿಲ್ಲ ಅಂದ್ರೆ ನಿಮ್ಮ ಕ್ಲಾಸು ಹೇಗಿದೆಯೋ ಹಾಗೇ. ಒಪ್ಪಿಗೆನಾ?"

"ಒಪ್ಪಿದೆ," ಎಂದರು ಮೇಡಂ. "ಎತ್ತಲಿ ನೋಡೋಣ. ನನ್ನ ಕ್ಲಾಸು ಬಿಟ್ಟು ಈ ಶೋಕೇಸಿಗೆ ಬರೋ ಬಕರಾ ಯಾರು ಅಂತ ನಾನೂ ನೋಡ್ತೀನಿ."

ರೇಡಿಯೋ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ತಪ್ಪಿಯೂ ಮೇಲೆ ಹೋಗದಿರಲಿ ಎಂದು. ಪೈಲ್ವಾನನಿಗೆ ಪಕ್ಕದವರು ಸನ್ನೆಯಲ್ಲಿ ಹೇಳಿದರು. ಅವನು ಕೈಗಳನ್ನು ಜೇಬಿಗೆ ಇಳಿಸಿದ. ಮೇಡಂ ಆಗಲೇ ಬಾಗಿಲ ಕಡೆಗೆ ತಿರುಗಿದ್ದರು.

ಹಿಂದಿನಿಂದ ಒಂದು ಕೈ ಎದ್ದಿತು. ದೊಡ್ಡ ಕೈ, ಸ್ಟೇರಿಂಗ್ ಹಿಡಿದು ಹಿಡಿದು ಬೆರಳು ಬಾಗಿದ ಕೈ.

ಡ್ರೈವರಣ್ಣ!

ಸಾಹೇಬರ ಮುಖ ಊದಿದ ಬನ್ನಿನಂತಾಯಿತು. "ಭೇಷ್! ನೋಡಿ ಮೇಡಂ, ಬೇಡಿಕೆ ಇದೆ. ಮುಂದಿನ ವಾರವೇ ಉದ್ಘಾಟನೆ. ದೊಡ್ಡ ಅತಿಥಿಗಳು ಬರ್ತಾರೆ. ನೀವೇ ಮೊದಲು ಒಳಗೆ ಕಾಲಿಡಬೇಕು ಯಜಮಾನ್ರೇ."

ರೇಡಿಯೋಳ ಬಾಯಿ ಮೊಟ್ಟಮೊದಲ ಬಾರಿಗೆ ಮುಚ್ಚಿದ್ದನ್ನು ನಾವು ಅಂದು ನೋಡಿದೆವು. ಅವಳು ಕೇಳಿದ್ದು ಒಂದೇ ಮಾತು, ಅದೂ ಪಿಸುದನಿಯಲ್ಲಿ. "ಯಾರು ಎತ್ತಿದ್ದು?" ಬನ್ನಿನ ಅಂಗಡಿ, ಓವನ್ನು, ಎಲ್ಲಾ ಆ ಒಂದು ಕೈಯಿಂದ ಮಂಗಮಾಯ.

ನಮ್ಮ ಕೋಣೆಗೆ ಮರಳಿದ ಮೇಲೆ ಏನಾಗಬಹುದೆಂದು ನಮಗೆ ಗೊತ್ತಿತ್ತು. ಮೇಡಂ ಸೊಂಟಕ್ಕೆ ಕೈ ಕೊಟ್ಟು ಡ್ರೈವರಣ್ಣನ ಎದುರು ನಿಂತರು.

"ಏನ್ರೀ ಇದು? ಅಲ್ಲಿ ನಿಮಗೇನು ಕಂಡಿತು? ಮೆತ್ತನೆ ಕುರ್ಚಿನಾ? ಆಯಸ್ಸೆಲ್ಲ ಕೂತೇ ಕಳೆದ್ರಲ್ಲ, ಇನ್ನೂ ಕೂರೋ ಚಪಲ ತೀರಲಿಲ್ವಾ?"

ಡ್ರೈವರಣ್ಣ ತಲೆ ಬಗ್ಗಿಸಿ ಉಪ್ಪಿನ ಡಬ್ಬವನ್ನು ತಿರುಗಿಸುತ್ತಿದ್ದರು. "ಕುರ್ಚಿಗಲ್ಲ ಮೇಡಂ."

"ಮತ್ತೆ?"

"ಅಲ್ಲಿ ನೀವಿರಲ್ಲ."

ಸೊಂಟದ ಮೇಲಿದ್ದ ಮೇಡಂನ ಕೈ ಕೆಳಗಿಳಿಯಿತು.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದರು ಡ್ರೈವರಣ್ಣ. ಬಹಳ ದಿನದಿಂದ ಒಳಗೆ ಜೋಡಿಸಿಟ್ಟ ಮಾತೇನೋ, ಒಂದರ ಹಿಂದೆ ಒಂದು ಬಂತು. "ನಿಮ್ಮ ಡಬ್ಬ ಚೆನ್ನಾಗಿದೆ, ಹಲಗೆ ಚೆನ್ನಾಗಿದೆ, ಕಿವಿ ಹಾಲೆ ಲೆಕ್ಕ ಚೆನ್ನಾಗಿದೆ. ಆದ್ರೆ ನೀವು ಪಕ್ಕಕ್ಕೆ ಬಂದು ನಿಂತ್ರೆ ನನ್ನ ಕೈ ನಡುಗುತ್ತೆ. ಇವತ್ತೇನು ಅಂತಾರೋ ಅನ್ನೋದೇ ತಲೇಲಿ. ನಡುಗೋ ಕೈಗೆ ದುಂಡು ಡಬ್ಬ ಯಾವುದು, ಚೌಕ ಡಬ್ಬ ಯಾವುದು ಅಂತ ಗೊತ್ತಾಗಲ್ಲ ಮೇಡಂ. ಮೊನ್ನೆ ಈಸ್ಟ್ ಮರೆತಿದ್ದಕ್ಕೆ, ಪ್ಯಾಸೆಂಜರನ್ನೆಲ್ಲ ಬಿಟ್ಟು ಖಾಲಿ ಬಸ್ ಓಡಿಸಿದ್ರಾ ಅಂದ್ರಿ. ಎಲ್ಲರೂ ನಕ್ರು. ನಾನೂ ನಕ್ಕೆ. ಮನೆಗೆ ಹೋಗಿ ಊಟ ಮಾಡಲಿಲ್ಲ."

"ಬಸ್ಸಲ್ಲಿ ಜನ ಇದಕ್ಕಿಂತ ಬೈದಿರಲ್ವಾ?"

"ಬೈದಿದ್ದಾರೆ. ಅವರು ಮುಂದಿನ ಸ್ಟಾಪಲ್ಲಿ ಇಳಿದು ಹೋಗ್ತಿದ್ರು."

ನಾನು ಮೇಡಂನ ಪರ. ಇವತ್ತಿಗೂ ಪರ. ಆದರೂ ಡ್ರೈವರಣ್ಣ ಹೇಳಿದ್ದು ಸುಳ್ಳು ಎನ್ನಲಾರೆ. ಮೇಡಂ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಮನೆಗೆ ನಡೆದರು.

ಮನೆಯಲ್ಲಿ ಇರುವುದು ಅವರ ಅಮ್ಮ. ಮಗಳ ನಾಲಿಗೆ ಚಾಕುವಾದರೆ ಅಮ್ಮನದು ಅದನ್ನು ಮಸೆದ ಕಲ್ಲು. ಅವತ್ತು ಸಂಜೆ ನಡೆದದ್ದನ್ನು ಆಮೇಲೆ ಆ ಅಜ್ಜಿಯೇ ನಮಗೆಲ್ಲ ಅಭಿನಯ ಮಾಡಿ ತೋರಿಸಿದ್ದರಿಂದ ಗೊತ್ತು.

ಮೇಡಂ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಎಲ್ಲರನ್ನೂ ಬೈದರಂತೆ. ಸಾಹೇಬರನ್ನು, ಗಾಜನ್ನು, ಹೂಕುಂಡವನ್ನು, ಡ್ರೈವರಣ್ಣನನ್ನು. "ಅಷ್ಟು ಮಾಡಿದೀನಿ ಕಣಮ್ಮ. ಡಬ್ಬ ನಾನು ಹುಡುಕಿದ್ದು, ಹಲಗೆ ನಾನು ಹಾಸಿದ್ದು. ಕಣ್ಣಿಲ್ಲದವಳಿಗೆ ಬೇಜಾರಿಲ್ಲ, ಕಿವಿ ಇಲ್ಲದವನಿಗೆ ಬೇಜಾರಿಲ್ಲ, ಎಲ್ಲಾ ಸರಿ ಇರೋ ಆ ಮನುಷ್ಯನಿಗೆ ಏನು ರೋಗ?"

ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲವಂತೆ. "ನಿಮ್ಮ ಮಾವ ಸತ್ತು ಎಷ್ಟು ವರ್ಷ ಆಯ್ತೇ?"

"ಈಗ ಮಾವ ಯಾಕೆ?"

"ಸತ್ತಿಲ್ಲ ಅನ್ನಿಸ್ತು, ಅದಕ್ಕೇ ಕೇಳ್ದೆ. ನಿನ್ನ ಬಾಯಲ್ಲಿ ಕೂತು ಇನ್ನೂ ಬೀಡಿ ಸೇದ್ತಿದ್ದಾನೆ."

"ಅಮ್ಮಾ!"

"ಏನು ಅಮ್ಮಾ? ಆ ಸಾಹೇಬನ ಎಲೇಲಿ ನೊಣ ಬಿದ್ದಿದೆ ಅಂತ ಊರಿಗೆಲ್ಲ ತೋರಿಸ್ತೀಯ. ನಿನ್ನ ಎಲೇಲಿ ಕತ್ತೆ ಸತ್ತು ಬಿದ್ದಿದೆ, ಅದು ಕಾಣಲ್ಲ. ಅವನು ಗಾಜು ಹಾಕಿ ಓದು ಅಂದ. ನೀನು ಮುಳ್ಳು ಹಾಕಿ ನಡಿ ಅಂತೀಯ. ಯಾರು ವಾಸಿ?"

ಮೇಡಂ ಹೊಸ್ತಿಲನ್ನು ಉಗುರಿನಿಂದ ಕೆರೆಯುತ್ತಾ, "ಬೈಯ್ದೇ ಇರೋಕೆ ನನ್ ಕೈಲಿ ಆಗಲ್ಲ," ಎಂದರಂತೆ.

"ಆಗಲ್ಲ. ನನಗೊತ್ತು, ನಾನು ಹೆತ್ತಿದ್ದು," ಎಂದರಂತೆ ಅಮ್ಮ. "ನಿನ್ನ ಎಡಗಿವಿಗೆ ಕೇಳೋಕೂ ಆಗಲ್ಲ. ಅದಕ್ಕೊಂದು ದಾರಿ ಮಾಡ್ಕೊಂಡಿಲ್ವಾ? ಗೋಡೆ ಹುಡುಕಿಲ್ವಾ? ಇದಕ್ಕೂ ಹುಡುಕು."

ನೋಡಿ, ಬೇರೆ ಯಾರಾದರೂ ಆಗಿದ್ದರೆ ಮಾರನೆಯ ದಿನ ಬಂದು ಕಣ್ಣೀರು ಹಾಕಿ, ಕ್ಷಮೆ ಕೇಳಿ, ಎರಡು ದಿನ ಜೇನಿನಂತೆ ಮಾತಾಡಿ, ಮೂರನೆಯ ದಿನ ಮತ್ತೆ ಅದೇ ರಾಗ ಎಳೆಯುತ್ತಿದ್ದರು. ಸಾಹೇಬರಾಗಿದ್ದರೆ ತಮ್ಮ ಪಶ್ಚಾತ್ತಾಪಕ್ಕೂ ಒಂದು ರಿಬ್ಬನ್ ಕಟ್ಟುತ್ತಿದ್ದರು. ನಮ್ಮ ಮೇಡಂ ಬೆಳಿಗ್ಗೆ ಬಂದು ಏಪ್ರನ್ ಕಟ್ಟಿಕೊಂಡು, ಉಪ್ಪಿನ ಡಬ್ಬದ ಬಗ್ಗೆ ಹೇಳುವ ಅದೇ ದನಿಯಲ್ಲಿ ಹೇಳಿದರು:

"ಕೇಳಿ. ಈ ಕೋಣೇಲಿ ಒಂದು ಮೆಟ್ಟಿಲು ಉಳಿದುಬಿಟ್ಟಿದೆ. ಅದು ನನ್ನ ನಾಲಿಗೆ. ಕಿತ್ತು ಹಾಕೋಕಾಗಲ್ಲ, ನನಗೆ ಬೇಕು. ಅದಕ್ಕೆ ಇಳಿಜಾರು ಹಾಕೋಣ. ಹಲಗೆ ಎರಡು ಸಲ ತುಳಿದ್ರೆ ಬಿಸಿ ತಟ್ಟೆ. ಇವತ್ತಿಂದ ಒಂದು ಸಲ ತುಳಿದ್ರೆ, ಮೇಡಂ, ಚುಚ್ಚಿತು, ಅಂತ. ಯಾರು ಬೇಕಾದ್ರೂ ತುಳೀಬಹುದು. ಯಾಕೆ ಅಂತ ನಾನು ಕೇಳಲ್ಲ. ತುಳಿದ ತಕ್ಷಣ ಅದೇ ಮಾತನ್ನ ಚುಚ್ಚು ತೆಗೆದು ಇನ್ನೊಂದ್ಸಲ ಹೇಳ್ತೀನಿ."

ಮೇಡಂ ಹತ್ತಿರದವನ ಹಿಟ್ಟು ಮುಟ್ಟಿ ನೋಡಿ ರೂಢಿಯಂತೆ, "ಇದನ್ನ ಬೇಯಿಸಬೇಡಪ್ಪ, ಅಡಿಪಾಯಕ್ಕೆ ಹಾಕು, ಕಟ್ಟಡ ನಿಲ್ಲುತ್ತೆ," ಎಂದರು.

ಧಡ್!

ತುಳಿದದ್ದು ಪೈಲ್ವಾನ್. ಎಲ್ಲರೂ ಅವನನ್ನೇ ನೋಡಿದರು. ಮಾತು ಕೇಳದವನಿಗೆ ಚುಚ್ಚಿದ್ದು ಹೇಗೆ ಗೊತ್ತಾಯಿತು? ಅವನು ಹಿಟ್ಟಿನ ಕೈಯಿಂದಲೇ ತನ್ನ ಎಡ ಹುಬ್ಬನ್ನು ಮೇಲೆತ್ತಿ, ತುಟಿಯ ಒಂದು ತುದಿಯನ್ನು ಕೆಳಗೆಳೆದು, ಸೊಂಟಕ್ಕೆ ಕೈ ಕೊಟ್ಟು ನಿಂತ. ಸಾಕ್ಷಾತ್ ಮೇಡಂ! ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಇವನಿಗೆ ಕೇಳುವುದಿಲ್ಲವಲ್ಲ ಎಂದು ಅವನ ಎದುರಿನಲ್ಲೇ ಎಷ್ಟು ಮಾತು ಆಡಿದ್ದರೋ, ಅವೆಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದು ಹೋದವು. ಆಮೇಲೆ ಹಿಟ್ಟಿನ ಹುಡುಗನ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡೇ, "ನೀರು ಕಮ್ಮಿ ಆಗಿದೆ. ಅರ್ಧ ಬಟ್ಟಲು ಹಾಕಿ ಇನ್ನೊಂದ್ಸಲ ನಾದು," ಎಂದರು.

ಆ ಹುಡುಗ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಓ, ನೀರು ಕಮ್ಮಿನಾ? ಇಷ್ಟು ದಿನ ನನಗೆ ಅದೇ ಗೊತ್ತಾಗ್ತಿರಲಿಲ್ಲ ಮೇಡಂ. ಅಡಿಪಾಯ ಅಂದ್ರೆ ಏನು ಹಾಕ್ಬೇಕು ಅಂತ."

ಆ ಮೊದಲ ದಿನ ಹಲಗೆ ಎಷ್ಟು ಸದ್ದು ಮಾಡಿತೆಂದರೆ, ಏನೋ ಕುಸಿಯುತ್ತಿದೆ ಎಂದು ವೈರಿಂಗಿನವರು ಓಡಿ ಬಂದರು. ಎರಡನೆಯ ದಿನ ಸ್ವಲ್ಪ ಕಡಿಮೆ. ರೇಡಿಯೋ ಸುಮ್ಮಸುಮ್ಮನೆ ತುಳಿಯುತ್ತಾಳೆ ಎಂದು ಮೇಡಂಗೆ ಅನುಮಾನ. "ರೇಡಿಯೋ, ನಿನ್ನ ಬ್ಯಾಟರಿ ಕಿತ್ತು ಹಾಕ್ತೀನಿ ನೋಡು," ಎಂದದ್ದಕ್ಕೆ ಇನ್ನೊಂದು ಧಡ್. ಆದರೆ ನಾವೆಲ್ಲ ಓರೆಗಣ್ಣಿನಲ್ಲಿ ನೋಡುತ್ತಿದ್ದದ್ದು ಡ್ರೈವರಣ್ಣನ ಕಾಲನ್ನು. ಅದು ಅಲ್ಲಾಡಲಿಲ್ಲ. ಉದ್ಘಾಟನೆಗೆ ರಿಬ್ಬನ್ ಬಂದು ಆಫೀಸಿನಲ್ಲಿ ಬಿದ್ದಿತ್ತು. ಅವರು ಮನಸ್ಸು ಬದಲಿಸದಿದ್ದರೆ ರೇಡಿಯೋ ಪ್ಯಾಕಿಂಗಿಗೆ. ಬದಲಿಸಿ ಎಂದು ಮೇಡಂ ಕೇಳಲೂ ಇಲ್ಲ, ನಮ್ಮನ್ನು ಕೇಳಲು ಬಿಡಲೂ ಇಲ್ಲ. "ಅವರ ಕೈ, ಅವರಿಷ್ಟ," ಎಂದರು ಅಷ್ಟೇ.

ಉದ್ಘಾಟನೆಯ ಹಿಂದಿನ ದಿನ ಡ್ರೈವರಣ್ಣ ಮತ್ತೆ ಈಸ್ಟ್ ಮರೆತರು. ಬೆಳಗಿಂದ ಊದದೆ ಕೂತಿದ್ದ ಹಿಟ್ಟಿನ ಮುಂದೆ ಅವರೂ ಊದದೆ ಕೂತಿದ್ದರು. ಮೇಡಂ ಬಂದರು. ನೋಡಿದರು. ಎಡ ಹುಬ್ಬು ಏರಿತು.

"ಏನ್ರೀ, ಮತ್ತೆ ಖಾಲಿ ಬಸ್ಸಾ?"

ಡ್ರೈವರಣ್ಣನ ಬಲಗಾಲು ಎದ್ದಿತು, ಬ್ರೇಕು ಹುಡುಕುವವರಂತೆ. ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಹಲಗೆಯ ಮೇಲೆ ಬಿತ್ತು.

ಧಡ್.

"ಈಸ್ಟ್ ಬಿಟ್ಟುಹೋಗಿದೆ," ಎಂದರು ಮೇಡಂ ತಕ್ಷಣ. "ಗಂಟಿನ ಡಬ್ಬ ಕೈಗೆ ಕಡೇಲಿ ಸಿಗೋ ಜಾಗದಲ್ಲಿದೆ, ಅದಕ್ಕೇ ಮರೆಯುತ್ತೆ. ನೀರಿನ ಪಕ್ಕ ಇಟ್ಟುಬಿಡೋಣ. ನೀರು ಮುಟ್ಟಿದ ಕೈ ಹಾಗೇ ಅದನ್ನೂ ಮುಟ್ಟುತ್ತೆ." ಡಬ್ಬವನ್ನು ತೆಗೆದು ನೀರಿನ ಕೊಳಗದ ಪಕ್ಕ ಇಟ್ಟರು. ಎಲ್ಲಾ ಮೇಜಿನ ಮೇಲೂ ಹಾಗೇ ಇಡಲು ಹೇಳಿದರು. ಎಲ್ಲರೂ ಇಟ್ಟಿದ್ದೇ ತಡ, ಇನ್ನೂ ಇಬ್ಬರು ತಾವೂ ಆಗಾಗ ಮರೆಯುತ್ತಿದ್ದೆವು ಎಂದು ಒಪ್ಪಿಕೊಂಡರು.

ಡ್ರೈವರಣ್ಣ ಆ ಡಬ್ಬವನ್ನೇ ನೋಡುತ್ತಾ, "ಇಷ್ಟೇನಾ ಮೇಡಂ?" ಎಂದರು.

"ಇಷ್ಟೇ. ನೀವು ಮೊದಲೇ ತುಳಿದಿದ್ರೆ ಮೊದಲೇ ಇಡ್ತಿದ್ದೆ." ಹೇಳಿ ಮೇಡಂ ತಾವೇ ಹಲಗೆ ನೋಡಿಕೊಂಡರು. ಯಾರೂ ತುಳಿಯಲಿಲ್ಲ. ಅದು ಚುಚ್ಚಲ್ಲ ಎಂದು ತೀರ್ಪಾಯಿತು.

ಉದ್ಘಾಟನೆಯ ದಿನ ಬಿಡಿ, ಅದನ್ನು ವರ್ಣಿಸಿ ನನ್ನ ಪೆನ್ನು ಹೊಲಸು ಮಾಡಿಕೊಳ್ಳುವುದಿಲ್ಲ. ಅತಿಥಿಗಳು, ಹೂಮಾಲೆ, ಎರಡು ಸಲ ಕೈಕೊಟ್ಟ ಮೈಕು. ಸಾಹೇಬರು ಗಾಜಿನ ಫಲಕವನ್ನು ಕರವಸ್ತ್ರದಿಂದ ಒರೆಸಿ ಅತಿಥಿಗಳಿಗೆ ತೋರಿಸಿದರು. ಅವರಿಗೂ ಬ್ರೈಲ್ ಬಾರದು, ತಲೆಯಾಡಿಸಿದರು. ರಿಬ್ಬನ್ ಕತ್ತರಿಸಿದರು. "ಈಗ ನಮ್ಮ ಮೊದಲ ಫಲಾನುಭವಿ!" ಎಂದು ಸಾಹೇಬರು ಮೈಕಿನಲ್ಲಿ ಕೂಗಿ ಡ್ರೈವರಣ್ಣನನ್ನು ಕೈ ಹಿಡಿದು ಮುಂದೆ ತಂದರು.

ಡ್ರೈವರಣ್ಣ ಹೊಸ್ತಿಲ ಬಳಿ ನಿಂತರು. ಒಳಗೆ ನೋಡಿದರು.

"ಸಾರ್, ಇಲ್ಲಿ ಹಲಗೆ ಇಲ್ವಲ್ಲ?"

"ಯಾವ ಹಲಗೆ?"

"ನಿಮ್ಮ ಮಾತು ಚುಚ್ಚಿದ್ರೆ ನಾನೇನು ತುಳೀಲಿ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಅತಿಥಿಗಳು ನಕ್ಕರು, ಅವರಿಗೂ ಅರ್ಥವಾಗಿರಲಿಲ್ಲ. ಡ್ರೈವರಣ್ಣ ಕೈ ಮುಗಿದರು. "ಅವತ್ತು ಕೈ ಎತ್ತಿದ್ದು ನಾನು. ಇವತ್ತು ಇಳಿಸಿದೀನಿ. ನನ್ನ ಹಿಟ್ಟು ಅಲ್ಲಿ ಊದ್ತಾ ಇದೆ ಸಾರ್, ಹೋಗ್ಬೇಕು." ಹಾಗೆಂದು ನೀರಿನ ಟ್ಯಾಂಕಿನ ಕಡೆಗೆ ನಡೆದೇಬಿಟ್ಟರು. ಅಷ್ಟು ಜನರ ಮುಂದೆ, ಬೇಡಿಕೆ ಇಲ್ಲದ ಕೋಣೆಯೊಂದು ಬಾಯಿ ತೆರೆದುಕೊಂಡು ನಿಂತಿತು. ಈಗ ಅದರಲ್ಲಿ ಸಾಹೇಬರು ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ. ಕುರ್ಚಿ ಮೆತ್ತಗಿದೆಯಂತೆ.

ಅತಿಥಿಗಳನ್ನು ಸಾಗಹಾಕಿದ ಮೇಲೆ ಸಾಹೇಬರು ಬಿರುಗಾಳಿಯಂತೆ ನಮ್ಮ ಕೋಣೆಗೆ ನುಗ್ಗಿದರು. ಕೊರಳಲ್ಲಿ ಇನ್ನೂ ಹೂಮಾಲೆ.

"ಮೇಡಂ! ಆ ಮನುಷ್ಯನಿಗೆ ನೀವೇ ಹೇಳ್ಕೊಟ್ಟಿದ್ದು ತಾನೇ?"

"ನಾನು ಹೇಳ್ಕೊಟ್ಟಿದ್ದು ಬ್ರೆಡ್ಡು ಸಾರ್," ಎಂದರು ಮೇಡಂ. ಎಡ ಹುಬ್ಬು ಏರುತ್ತಿತ್ತು, ನಾವೆಲ್ಲ ಉಸಿರು ಹಿಡಿದೆವು. "ನಿಮಗೂ ಹೇಳ್ಕೊಡ್ತೀನಿ ಬನ್ನಿ. ಬೇಕಿದ್ರೆ ಗಾಜಿನ ಒಳಗಿಟ್ಟು ಹೇಳ್ಕೊಡ್ತೀನಿ. ಧೂಳು ಕೂರಲ್ಲ, ತಲೆಗೂ ಹೋಗಲ್ಲ. ನಿಮಗೆ ಎರಡೂ ಅಭ್ಯಾಸ ಇದೆ."

ಚುಚ್ಚು ಎಂದರೆ ಚುಚ್ಚು! ಆ ವಾರದಲ್ಲೇ ದೊಡ್ಡದು! ಎಲ್ಲರ ಕಣ್ಣೂ ಹಲಗೆಯ ಮೇಲೆ. ಪೈಲ್ವಾನ್ ಮೇಡಂನ ಹುಬ್ಬು ನೋಡಿದ, ಸಾಹೇಬರ ಮುಖ ನೋಡಿದ, ತನ್ನ ಎರಡೂ ಪಾದಗಳನ್ನು ಹಲಗೆಯಿಂದ ಮೆಲ್ಲಗೆ ನೆಲಕ್ಕೆ ಸರಿಸಿಕೊಂಡ. ಡ್ರೈವರಣ್ಣ ಕಾಲೆತ್ತಿದರು. ಎತ್ತಿದ ಕಾಲನ್ನು ಬೆಕ್ಕಿನಂತೆ, ಸದ್ದಿಲ್ಲದೆ, ಪಕ್ಕಕ್ಕೆ ಇಳಿಸಿದರು.

ಆಗಲೇ ಹಲಗೆ ನಡುಗಿತು. ಧಡ್, ಧಡ್!

"ಬಿಸಿ!"

ರೇಡಿಯೋ! ಉರಿಯುವ ಓವನ್ನಿನಿಂದ ಅವಳ ಮೊದಲ ತಟ್ಟೆ. ಮೊಣಕೈವರೆಗೆ ಕೈಗವಸು, ಮುಖಕ್ಕೆ ಹಬೆ, ಬಾಯಿ ಕಿವಿಯವರೆಗೆ. ಹಲಗೆಯ ಅಂಚನ್ನು ಪಾದದಿಂದ ಸವರಿಕೊಂಡು ನೆಟ್ಟಗೆ ಬರುತ್ತಿದ್ದಾಳೆ. ನಾವೆಲ್ಲ ಗೋಡೆಗೆ ಅಂಟಿದೆವು. ಮೇಡಂ ಅಂಟಿದರು. ಇಡೀ ಕೋಣೆಯಲ್ಲಿ ದಾರಿಗೆ ಅಡ್ಡ ನಿಂತಿದ್ದವರು ಒಬ್ಬರೇ, ಹೂಮಾಲೆ ಹಾಕಿಕೊಂಡು, ಏನು ಸದ್ದು ಇದು ಎಂದು ಆಚೀಚೆ ನೋಡುತ್ತಾ.

ಪೈಲ್ವಾನ್ ಹಿಟ್ಟಿನ ಮೂಟೆ ಎತ್ತುವಂತೆ ಸಾಹೇಬರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ, ಪಕ್ಕಕ್ಕಿಟ್ಟ. ತಟ್ಟೆ ಅವರ ಮೂಗಿನ ಮುಂದೆ ಹಾದು ಹೋಯಿತು. ರೇಡಿಯೋ ಅದನ್ನು ಕಟ್ಟೆಯ ಮೇಲಿಟ್ಟು, ಒಂದು ಬ್ರೆಡ್ಡನ್ನು ತಲೆಕೆಳಗು ಮಾಡಿ, ತಳಕ್ಕೆ ಕುಟ್ಟಿ, ಕಿವಿಗೊಟ್ಟಳು.

"ಬೆಂದಿದೆ!"

"ಬೆಂದಿದೆ," ಎಂದರು ಮೇಡಂ. ಆಮೇಲೆ ಸಾಹೇಬರ ಕಡೆ ನೋಡಿ, ಪೈಲ್ವಾನನಿಗೆ ಕಾಣುವಂತೆ ಕೈಯಿಂದ ಬಾಗಿಲು ತೋರಿಸುತ್ತಾ ಹೇಳಿದರು, "ಪಾಪ, ಇವರಿಗೆ ನಮ್ಮ ಕ್ಲಾಸು ಕಷ್ಟ ಆಗುತ್ತೆ ಕಣೋ. ಇವರಿಗೆ ಬೇರೆ ಕೊಠಡಿ ಇದೆ. ಕರ್ಕೊಂಡು ಹೋಗಿ ಕೂರಿಸು."

ಹಲಗೆ ಸುಮ್ಮನಿತ್ತು.